ಮಕ್ಕಳ ಕ್ಯಾನ್ಸರ್ ಮತ್ತು ಹೆತ್ತವರ ಆಸರೆ: ಒಂದು ಚಾರಿತ್ರಿಕ ಅವಲೋಕನ

ಮಕ್ಕಳ ಕ್ಯಾನ್ಸರಿನ ಚರಿತ್ರೆಯನ್ನು ಔಷಧಗಳ ಚರಿತ್ರೆಯಾಗಿ ಬರೆಯುವುದೇ ವಾಡಿಕೆ. ಅಮಿನಾಪ್ಟೆರಿನ್ ಔಷಧದಿಂದ ಮಕ್ಕಳ ರಕ್ತಕ್ಯಾನ್ಸರಿಗೆ ತಾತ್ಕಾಲಿಕ ಉಪಶಮನ ಸಾಧ್ಯವೆಂದು ಬಾಸ್ಟನ್ನಿನ ಸಿಡ್ನಿ ಫಾರ್ಬರ್ 1948ರಲ್ಲಿ ಪ್ರಕಟಿಸಿದರು. ಮುಂದಿನ ದಶಕಗಳಲ್ಲಿ ಔಷಧಗಳು ಫಲಿಸತೊಡಗಿದಂತೆ ಚಿಕಿತ್ಸೆಯ ಅವಧಿಯೂ ದೀರ್ಘವಾಯಿತು. ಲಿಂಫೋಬ್ಲಾಸ್ಟಿಕ್ ರಕ್ತಕ್ಯಾನ್ಸರಿನ ಚಿಕಿತ್ಸೆಗೆ ಎರಡರಿಂದ ಮೂರು ವರ್ಷ ಬೇಕು. ಅದರ ಬಹುಭಾಗ ಕಳೆಯುವುದು ಮನೆಯಲ್ಲಿ. ವೇಳೆಗೆ ಮಾತ್ರೆ ಕೊಡುವವರು, ಜ್ವರ ಬಂದೊಡನೆ ಆಸ್ಪತ್ರೆಗೆ ಧಾವಿಸುವವರು ಹೆತ್ತವರೇ. ಆದ್ದರಿಂದ ಅವರ ಮನೋಬಲವೂ ಚಿಕಿತ್ಸೆಯ ಒಂದು ಅಂಗವೇ ಆಗಿದೆ.

ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಸ್ಥಾಪನೆಗೊಂಡಿತು. ಮೈಸೂರಿನ ಜಯಲಕ್ಷ್ಮಿಪುರಂನ ಕುಟುಂಬಕ್ಕೆ ಅದು ಸುಮಾರು 140 ಕಿಲೋಮೀಟರ್ ದೂರ. ಹೆಗ್ಗಡದೇವನಕೋಟೆಯ ಕೂಲಿಕಾರರಿಗೆ ಇನ್ನೂ ದೂರ. ಮುಂದೆ ಮೈಸೂರಿನಲ್ಲಿಯೇ ಭಾರತ್ ಆಸ್ಪತ್ರೆಯಂತಹ ಕ್ಯಾನ್ಸರ್ ಚಿಕಿತ್ಸಾಲಯ ಬಂದರೂ ಹಳ್ಳಿಗರ ಪ್ರಯಾಣ ತಪ್ಪಲಿಲ್ಲ. ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ತಾಯಿಯಿಂದ ದೊರೆಯುವ ಧೈರ್ಯ ಊರಿಗೆ ಮರಳಿದೊಡನೆ ಕಡಿದುಹೋಗುತ್ತದೆ. ಅಮೆರಿಕದಲ್ಲಿ 1970ರಲ್ಲಿ ಕ್ಯಾಂಡಲ್‌ಲೈಟರ್ಸ್, 1994ರಲ್ಲಿ ಹೆತ್ತವರ ಅಂತಾರಾಷ್ಟ್ರೀಯ ಒಕ್ಕೂಟ, 2004ರಲ್ಲಿ ಭಾರತದ ಕ್ಯಾನ್‌ಕಿಡ್ಸ್ ಹುಟ್ಟಿದ್ದು ಇಂತಹ ಏಕಾಕಿತನಕ್ಕೆ ಉತ್ತರವಾಗಿ.

ಕಡಿದ ಈ ಎಳೆಯನ್ನು ಅಂತರಜಾಲ ಮತ್ತೆ ಜೋಡಿಸಬಲ್ಲದೇ? ಇದಕ್ಕೆ ಮೈಸೂರಿನಲ್ಲಿಯೇ ಒಂದು ನಿದರ್ಶನವಿದೆ. ಜಯಲಕ್ಷ್ಮಿಪುರಂಗೆ ಸಮೀಪದ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಕ್ಕಳ ತರಬೇತಿಯಲ್ಲಿ ಹೆತ್ತವರನ್ನೂ ಪಾಲುದಾರರನ್ನಾಗಿಸಿಕೊಂಡಿತು; ದೂರದ ಕುಟುಂಬಗಳಿಗೆ ಅಂತರಜಾಲದ ಮೂಲಕವೂ ಮಾರ್ಗದರ್ಶನ ನೀಡುತ್ತ ಬಂದಿದೆ. ಮಾನಸಿಕ ಆರೋಗ್ಯಕ್ಕಾಗಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ದೊರೆಯುತ್ತದೆ. ಅದರ ಕೇಂದ್ರಸ್ಥಾನದಲ್ಲಿರುವುದು ಬೆಂಗಳೂರಿನ ನಿಮ್ಹಾನ್ಸ್. ಆದರೆ ಇದು ಸರ್ವರಿಗೂ ಮೀಸಲಾದ ಸೇವೆ. ಕ್ಯಾನ್ಸರ್ ಪೀಡಿತ ಮಕ್ಕಳ ಹೆತ್ತವರಿಗೆಂದೇ ರೂಪುಗೊಂಡದ್ದಲ್ಲ.

ಸಾಧನವಿದ್ದ ಮಾತ್ರಕ್ಕೆ ಹೆತ್ತವರು ಪಾಲ್ಗೊಳ್ಳುತ್ತಾರೆಂದು ಭಾವಿಸಲಾಗದು. ಮನೆಗೊಂದೇ ಮೊಬೈಲ್ ಇದ್ದು ಅದು ತಂದೆಯೊಡನೆ ಕೆಲಸಕ್ಕೆ ಹೋದರೆ ತಾಯಿಗೆ ಹಗಲಿನ ಸಭೆ ದಕ್ಕದು. ಒಂದೇ ಕೋಣೆಯ ಮನೆಯಲ್ಲಿ ಮಗುವಿನ ಎದುರು ಆಕೆ ತನ್ನ ಭಯವನ್ನು ಆಡಲಾರಳು. ಇಂತಹ ಮೌನವನ್ನು ನಿರಾಸಕ್ತಿಯೆಂದು ಎಣಿಸುವುದು ತಪ್ಪು. ವಾರ್ಡಿನಲ್ಲಿ ಮೊದಲೇ ಪರಿಚಿತರಾದ ಸಮಾಲೋಚಕರು, ಮನೆಯವರು ಗೊತ್ತುಮಾಡಿದ ವೇಳೆಯಲ್ಲಿ, ಅವರಾಡುವ ಕನ್ನಡದಲ್ಲಿ ಮಾತನಾಡಿಸಿದಾಗಲೇ ದೂರಸಂಪರ್ಕವು ಆಸರೆಯಾಗುತ್ತದೆ.

2030ರ ವೇಳೆಗೆ ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ ಕನಿಷ್ಠ ಶೇ. 60ರಷ್ಟು ಮಂದಿ ಬದುಕುಳಿಯಬೇಕೆಂಬ ಗುರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮುಂದಿಟ್ಟಿತು. ಹೆತ್ತವರು ಎದೆಗುಂದಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಯಾವ ಔಷಧವೂ ಆ ಗುರಿಯನ್ನು ಮುಟ್ಟಿಸಲಾರದು.