ಆಗಂತುಕ ಮುನಿಯ ಮೂರು ರಾತ್ರಿ

ಶಾಸನಪಾಠದ ತರಗತಿಯಲ್ಲಿ ವಿದ್ಯಾರ್ಥಿಗಳು ಅಸಹನೆಯಿಂದ ದಾಟಿಹೋಗುವ ಭಾಗವೆಂದರೆ ಗುರುಪರಂಪರೆ. ಮೂಲಸಂಘ, ದೇಶೀಯಗಣ, ಪುಸ್ತಕಗಚ್ಛ, ಕೊಂಡಕುಂದಾನ್ವಯ, ಅನಂತರ ಇಂಥವರ ಶಿಷ್ಯರು ಇಂಥವರೆಂಬ ಉದ್ದನೆಯ ಸಾಲು. ಕಾಲನಿರ್ಣಯಕ್ಕೆ ಒದಗುವಷ್ಟನ್ನು ಹೆಕ್ಕಿಕೊಂಡು ಉಳಿದುದನ್ನು ಹೊಗಳಿಕೆಯ ರೂಢಿಯೆಂದು ಕೈಬಿಡುವುದು ಸಂಶೋಧಕರಲ್ಲಿಯೂ ಉಂಟು. ಈ ಸಾಲುಗಳನ್ನು ಒಂದು ಪ್ರಶ್ನಾವಳಿಗೆ ಸಿದ್ಧವಾಗಿಟ್ಟುಕೊಂಡ ಉತ್ತರವೆಂದು ಓದಿದರೆ ಅವುಗಳ ಅರ್ಥ ಬೇರೆಯಾಗುತ್ತದೆ. ಆ ಪ್ರಶ್ನೆಗಳಿರುವುದು ಮೂಲಾಚಾರದಲ್ಲಿ.

ದಿಗಂಬರ ಮುನಿಗಳ ಆಚಾರವನ್ನು ನಿರೂಪಿಸುವ ಈ ಪ್ರಾಕೃತ ಗ್ರಂಥದ ಕರ್ತೃ ವಟ್ಟಕೇರ. ಕೆಲವು ಹಸ್ತಪ್ರತಿಗಳು ಕುಂದಕುಂದರ ಹೆಸರನ್ನು ಹೇಳುತ್ತವೆ. ಕುಂದಕುಂದರ ಊರಾದ ಕೊಂಡಕುಂದೆಯನ್ನು ಪಿ. ಬಿ. ದೇಸಾಯಿಯವರು ಗುರುತಿಸಿದ್ದು ನಮ್ಮ ಬಳ್ಳಾರಿಯ ಪೂರ್ವಕ್ಕೆ, ಗುಂತಕಲ್ಲಿಗೆ ಸಮೀಪದ ಕೊನಕೊಂಡ್ಲದಲ್ಲಿ. ಕರ್ತೃತ್ವದ ಚರ್ಚೆ ಇಲ್ಲಿ ಬೇಡ. ಗ್ರಂಥದ 'ಸಮಾಚಾರ' ಅಧಿಕಾರದಲ್ಲಿ, ಒಂದು ಗಣದ ಮುನಿ ಮತ್ತೊಂದು ಗಣಕ್ಕೆ ಬಂದಾಗ ಏನು ನಡೆಯಬೇಕೆಂಬ ವಿವರವಿದೆ. ಅದೇ ನಮಗೆ ಮುಖ್ಯ.

ಮುನಿ ತನ್ನ ಗುರುವಿನಲ್ಲಿ ಕಲಿಯಬೇಕಾದುದನ್ನೆಲ್ಲ ಕಲಿತು, ಹೆಚ್ಚಿನ ಶ್ರುತಕ್ಕಾಗಿ ಹೊರಡಲು ಮತ್ತೆ ಮತ್ತೆ ಅಪ್ಪಣೆ ಬೇಡಿ, ಜೊತೆಗಾರರೊಡನೆ ಹೊರಡುತ್ತಾನೆ. ಒಂಟಿ ವಿಹಾರವನ್ನು ಗ್ರಂಥ ಬಲವಾಗಿ ನಿಷೇಧಿಸುತ್ತದೆ. ಆತ ಕಣ್ಣಿಗೆ ಬಿದ್ದೊಡನೆ ಆತಿಥೇಯ ಗಣದ ಮುನಿಗಳೆಲ್ಲ ಎದ್ದುನಿಂತು, ಏಳು ಹೆಜ್ಜೆ ಎದುರು ಹೋಗಿ, ಪರಸ್ಪರ ವಂದಿಸಿ, ರತ್ನತ್ರಯದ ಕುಶಲ ಕೇಳಬೇಕು. ಗೌರವ ಮೊದಲು, ಪರೀಕ್ಷೆ ಆಮೇಲೆ. ಮೂರು ರಾತ್ರಿ ಅವನಿಗೆ ಸಹವಾಸಿಗಳನ್ನು ಕೊಡಬೇಕು. ಇದು ಉಪಚಾರವೂ ಹೌದು, ಕಣ್ಗಾವಲೂ ಹೌದು; ಪರೀಕ್ಷೆಗಾಗಿಯೇ ಈ ಸಹವಾಸವೆಂದು ಗ್ರಂಥ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಆವಶ್ಯಕಗಳನ್ನು ಹೇಗೆ ಮಾಡುತ್ತಾನೆ, ಕಮಂಡಲುವನ್ನು ಎತ್ತುವ ಇಡುವ ಮೊದಲು ನೆಲವನ್ನು ಪಿಂಛದಿಂದ ಸವರುತ್ತಾನೆಯೇ, ಮಾತು ಹೇಗೆ, ಸ್ವಾಧ್ಯಾಯ ಹೇಗೆ, ಭಿಕ್ಷೆ ಸ್ವೀಕರಿಸುವ ಬಗೆ ಹೇಗೆ. ಗಮನಿಸಬೇಕಾದುದು, ಈ ಪರೀಕ್ಷೆ ಎರಡೂ ಕಡೆಯದು. ಬಂದವನೂ ಇದ್ದವರನ್ನು ಅಳೆಯುತ್ತಾನೆ.

ಮೊದಲ ದಿನ ವಿಶ್ರಾಂತಿ. ಎರಡನೆಯ ಅಥವಾ ಮೂರನೆಯ ದಿನ ಆತ ಬಂದ ಕಾರ್ಯವನ್ನು ಆಚಾರ್ಯನಿಗೆ ವಿನಯದಿಂದ ನಿವೇದಿಸಬೇಕು. ಆಗ ಆಚಾರ್ಯನ ಪ್ರಶ್ನೆಗಳು: ಹೆಸರೇನು, ಕುಲ ಯಾವುದು, ಗುರು ಯಾರು, ದೀಕ್ಷೆಯಾಗಿ ಎಷ್ಟು ಕಾಲ, ವರ್ಷಾವಾಸ ಎಲ್ಲಿ, ಬಂದುದು ಯಾವ ದಿಕ್ಕಿನಿಂದ, ಕಲಿತುದೇನು, ಪ್ರತಿಕ್ರಮಣಗಳಾದವೇ. ದೀಕ್ಷೆಯ ಕಾಲವನ್ನು ಕೇಳುವುದು ಬರಿಯ ಕುತೂಹಲದಿಂದಲ್ಲ. ಯಾರು ಯಾರಿಗೆ ಮೊದಲು ವಂದಿಸಬೇಕೆಂಬುದು ಅದರಿಂದಲೇ ತೀರ್ಮಾನವಾಗುತ್ತದೆ. ನಡತೆ ಶುದ್ಧವಾಗಿದ್ದರೆ ಆಚಾರ್ಯ ತನ್ನ ಶ್ರುತಶಕ್ತಿಗೆ ತಕ್ಕಂತೆ ಬೋಧಿಸಬೇಕು. ಇಲ್ಲವಾದರೆ ದೀಕ್ಷೆಯ ವರ್ಷಗಳನ್ನು ಕಡಿಮೆಮಾಡುವ ಛೇದ, ಇಲ್ಲವೇ ಮತ್ತೆ ವ್ರತದಲ್ಲಿ ನಿಲ್ಲಿಸುವ ಉಪಸ್ಥಾಪನೆ. ಅದಕ್ಕೆ ಒಪ್ಪದವನನ್ನು ಬಿಟ್ಟುಬಿಡಬೇಕು. ಒಪ್ಪದವನನ್ನೂ ಸೇರಿಸಿಕೊಂಡ ಆಚಾರ್ಯನೇ ಛೇದಕ್ಕೆ ಅರ್ಹನೆಂಬ ಕೊನೆಯ ಮಾತು ಇಡೀ ವಿಧಿಯ ಹುರಿ ಎಂದು ನನಗೆ ತೋರುತ್ತದೆ.

ಇದನ್ನು ಫ್ರೀಮೇಸನ್ನರ ಲಾಡ್ಜುಗಳ ಪದ್ಧತಿಯೊಡನೆ ಇಟ್ಟು ನೋಡಬಹುದು. 1717ರಲ್ಲಿ ಲಂಡನ್ನಿನಲ್ಲಿ ಮೊದಲ ಗ್ರ್ಯಾಂಡ್ ಲಾಡ್ಜ್ ಹುಟ್ಟಿತು, ಭಾರತದ್ದು 1961ರಲ್ಲಿ. ಬೇರೆ ಊರಿನ ಸದಸ್ಯ ಬಂದರೆ ಪ್ರಮಾಣಪತ್ರ, ಗುಟ್ಟಿನ ಸಂಜ್ಞೆ, ಸಂಕೇತಪದ, ಅಥವಾ ಪರಿಚಿತನೊಬ್ಬನ ಭರವಸೆ. ಆತನ ಮೂಲ ಲಾಡ್ಜಿಗೆ ಮಾನ್ಯತೆ ಇಲ್ಲದಿದ್ದರೆ ಮನುಷ್ಯ ಎಷ್ಟೇ ಸಜ್ಜನನಾದರೂ ಬಾಗಿಲು ತೆರೆಯದು. ಜೈನಸಂಘದಲ್ಲಿ ಗುಟ್ಟಿನ ಪದವಿಲ್ಲ. ಮೂಲಾಚಾರದ ಪ್ರಶ್ನೆಗಳು ಎಲ್ಲರಿಗೂ ತಿಳಿದವು, ಉತ್ತರವನ್ನು ಯಾರೂ ಕಂಠಪಾಠ ಮಾಡಬಹುದು. ಆದ್ದರಿಂದಲೇ ಪ್ರಶ್ನೆಗಿಂತ ಮೊದಲು ಸಹವಾಸ. ಆದರೆ ಮಾನ್ಯತೆಯ ಗಡಿ ಇಲ್ಲಿಯೂ ಇತ್ತು, ಅದು ಕೈಯಲ್ಲಿಯೇ ಕಾಣುತ್ತಿತ್ತು. ಮೂಲಸಂಘದವರದು ನವಿಲುಗರಿಯ ಪಿಂಛ, ಕಾಷ್ಠಾಸಂಘದವರದು ಗೋಪುಚ್ಛ, ಮಾಥುರಸಂಘದವರು ಪಿಂಛವಿಲ್ಲದ ನಿಷ್ಪಿಚ್ಛರು. ಇಂದ್ರನಂದಿಯ ನೀತಿಸಾರ ಇವರನ್ನೂ ಯಾಪನೀಯರನ್ನೂ ಜೈನಾಭಾಸರ ಪಟ್ಟಿಗೆ ಸೇರಿಸುತ್ತದೆ. ದಾನಿಗಳು ಇಷ್ಟು ಬಿಗಿಯಾಗಿರಲಿಲ್ಲ: ಕದಂಬ ಮೃಗೇಶವರ್ಮನ ಹಲಸಿ ತಾಮ್ರಪಟ ಯಾಪನೀಯ, ನಿರ್ಗ್ರಂಥ, ಕೂರ್ಚಕರನ್ನು ಒಂದೇ ದಾನದಲ್ಲಿ ಹೆಸರಿಸುತ್ತದೆ.

ಈ ವಿಧಿಯ ಗಾಂಭೀರ್ಯ ತಿಳಿಯುವುದು ಬಂದವನು ಸಾಯಲು ಬಂದಿದ್ದಾಗ. ಶಿವಾರ್ಯನ ಭಗವತೀ ಆರಾಧನೆಯಲ್ಲಿ ಸಲ್ಲೇಖನವನ್ನು ಬಯಸುವ ಆಚಾರ್ಯ ಸ್ವಗಣವನ್ನು ಬಿಟ್ಟು ಪರಗಣಕ್ಕೆ ಹೋಗಬೇಕು. ತಾನೇ ಆಳಿದ ಗಣದಲ್ಲಿ ಉಳಿದರೆ ಆಜ್ಞೆ ಮೀರಿದ ಶಿಷ್ಯನ ಮೇಲೆ ಕೋಪ, ಅಳುವ ಶಿಷ್ಯನ ಮೇಲೆ ಸ್ನೇಹ, ಎರಡೂ ಸಮಾಧಿಗೆ ವಿಘ್ನ. ತಕ್ಕ ನಿರ್ಯಾಪಕನನ್ನು ಹುಡುಕುತ್ತ ಐನೂರು, ಏಳುನೂರು ಯೋಜನ ನಡೆಯಬಹುದು, ಹನ್ನೆರಡು ವರ್ಷ ಅಲೆಯಬಹುದು. ಅಲ್ಲಿಯೂ ಅದೇ ಪರಸ್ಪರ ಪರೀಕ್ಷೆ. ಅಷ್ಟೇ ಅಲ್ಲ, ಆಚಾರ್ಯ ಗಣವನ್ನು ಕೇಳದೆ ಕ್ಷಪಕನನ್ನು ಒಪ್ಪಿಕೊಳ್ಳುವಂತಿಲ್ಲ. ಹಗಲಿರುಳು ಸೇವೆಗೆ ನಿಲ್ಲಬೇಕಾದವರು ಅವರು.

ವಿಧಿ ಬೇರೆ, ನಡೆವಳಿ ಬೇರೆ, ನಿಜ. ಆದರೂ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ಏಳು ಎಂಟನೆಯ ಶತಮಾನಗಳ ಚಿಕ್ಕ ನಿಷಿಧಿ ಶಾಸನಗಳನ್ನು ಈ ಹಿನ್ನೆಲೆಯಲ್ಲಿ ಮತ್ತೆ ಓದಬೇಕು. ಅರಸನ ಹೆಸರಿಲ್ಲ, ಶಕವರ್ಷವಿಲ್ಲ. ಆದರೂ ನವಿಲೂರು ಸಂಘ, ಕೊಳತ್ತೂರು ಸಂಘ, ಕಿತ್ತೂರು ಸಂಘ ಎಂದು ತೀರಿಕೊಂಡವರು ಸೇರಿದ ಸಂಘದ ಹೆಸರನ್ನು ಬಂಡೆಯ ಮೇಲೆ ಕೊರೆದಿದ್ದಾರೆ.