ದ ಗಾಲ್, ಶಾರ್ಲ್: ಯುದ್ಧಕಾಲದ ಸೆರೆವಾಸ (1916-18)

ಫ್ರಾನ್ಸಿನ ಲೀಲ್ ನಗರದಲ್ಲಿ 1890ರ ನವೆಂಬರ್ 22ರಂದು ಜನಿಸಿ, ಸೇಂಟ್ ಸಿರ್ ಸೈನಿಕ ವಿದ್ಯಾಲಯದಲ್ಲಿ ವ್ಯಾಸಂಗವನ್ನು ಮುಗಿಸಿ, ಕರ್ನಲ್ ಪೆತಾಂನ 33ನೆಯ ಪದಾತಿ ರೆಜಿಮೆಂಟಿಗೆ ಸೇರಿದ ಶಾರ್ಲ್ ದ ಗಾಲ್, ಮೊದಲ ಮಹಾಯುದ್ಧ ತೊಡಗಿದ ತಿಂಗಳಿನಲ್ಲಿಯೇ ದಿನಾಂನಲ್ಲಿ ಗಾಯಗೊಂಡವನು. 1916ರ ಮಾರ್ಚ್ 2ರಂದು, ವೆರ್ದಂ ರಣಾಂಗಣದ ದುಓಮೊಂ ಗ್ರಾಮದ ಬಳಿ, ತೊಡೆಗೆ ಬಯೋನೆಟ್ಟಿನ ತಿವಿತ ತಗುಲಿ ಜರ್ಮನರ ಕೈಸೆರೆಯಾದಾಗ ಈ ತರುಣ ಕ್ಯಾಪ್ಟನ್ನನಿಗೆ ಇಪ್ಪತ್ತೈದು ವರ್ಷ. ಮಡಿದನೆಂದೇ ಭಾವಿಸಿದ ಫ್ರೆಂಚ್ ಸೇನೆ ಅವನ ಶೌರ್ಯಕ್ಕೆ ಮರಣೋತ್ತರ ಪ್ರಶಂಸೆಯನ್ನು ಸಲ್ಲಿಸಿತು.

ಸುಮಾರು 32 ತಿಂಗಳ ಬಂಧನದಲ್ಲಿ ಅವನು ಐದು ಸಲ ಪಲಾಯನಕ್ಕೆ ಯತ್ನಿಸಿದನು, ಐದೂ ನಿಷ್ಫಲವಾದುವು. ಇಂಗೋಲ್‌ಸ್ಟಾಟ್‌ನ ಕೋಟೆಯಲ್ಲಿದ್ದಾಗ, ಚಳಿಹುಣ್ಣಿಗೆಂದು ತಾಯಿ ಕಳುಹಿದ್ದ ಪಿಕ್ರಿಕ್ ಆಮ್ಲವನ್ನು ನುಂಗಿ, ಕಾಮಾಲೆಯ ಸೋಗಿನಿಂದ ಆಸ್ಪತ್ರೆಯನ್ನು ಸೇರಿ, ಅಲ್ಲಿಂದ ಸಂಗಡಿಗನೊಬ್ಬನೊಡನೆ ಸ್ವಿಟ್ಜರ್ಲೆಂಡಿನ ಗಡಿಯತ್ತ ಹೊರಟವನು ವಾರದೊಳಗಾಗಿ ಸಿಕ್ಕಿಬಿದ್ದನು. ಆರಡಿಯನ್ನು ಮೀರಿದ ಆ ನಿಲುವಿಗೆ ಯಾವ ವೇಷವೂ ಹೊಂದುತ್ತಿರಲಿಲ್ಲವೆಂದೇ ಹೇಳಬೇಕು. ಮತ್ತೊಮ್ಮೆ ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಅಡಗಿಯೂ ಹೊರಬಿದ್ದುದುಂಟು. ಮುಂದೆ ಸೋವಿಯತ್ ಮಾರ್ಷಲನಾದ ತುಖಾಚೆವ್ಸ್ಕಿ ಇಂಗೋಲ್‌ಸ್ಟಾಟ್‌ನಲ್ಲಿ ಇವನ ಸಹಬಂದಿ.

ಜರ್ಮನ್ ಪತ್ರಿಕೆಗಳನ್ನು ಶ್ರದ್ಧೆಯಿಂದ ಓದಿ, ಸಹಬಂದಿಗಳಿಗೆ ಯುದ್ಧಗತಿಯನ್ನು ಕುರಿತು ಉಪನ್ಯಾಸಗಳನ್ನು ಮಾಡುತ್ತಿದ್ದ ಈತ, ಕದನವಿರಾಮದ ತರುವಾಯ ಸ್ವದೇಶಕ್ಕೆ ಮರಳಿ, 1924ರಲ್ಲಿ ಶತ್ರುಪಾಳೆಯದ ಅಂತಃಕಲಹವನ್ನು ವಿಶ್ಲೇಷಿಸುವ ತನ್ನ ಮೊದಲ ಗ್ರಂಥವನ್ನು ಪ್ರಕಟಿಸಿದನು.