ತಂದೆಗಿಂತ ಮಗನೇ ಮುದುಕನಾದಾಗ: ‘ದಿ ವಿಸಿಟರ್’ ಕಂತಿನ ಬರಹ ಮತ್ತು ಅಭಿನಯ

ಅಮೆರಿಕದ ವೈಜ್ಞಾನಿಕ ಕಥಾ ಧಾರಾವಾಹಿ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ 1993ರಿಂದ 1999ರವರೆಗೆ ಏಳು ವರ್ಷ ಪ್ರಸಾರವಾಯಿತು. ಅದರ ನಾಲ್ಕನೆಯ ವರ್ಷದ ಆರಂಭದಲ್ಲಿ, 1995ರ ಅಕ್ಟೋಬರ್‌ನಲ್ಲಿ, ‘ದಿ ವಿಸಿಟರ್’ ಎಂಬ ಕಂತು ತೆರೆಕಂಡಿತು. ಮೈಕೇಲ್ ಟೇಲರ್ ಬರೆದು, ಡೇವಿಡ್ ಲಿವಿಂಗ್‌ಸ್ಟನ್ ನಿರ್ದೇಶಿಸಿದ ಈ ಕಂತಿನಲ್ಲಿ ಖಳನಾಯಕನಿಲ್ಲ, ಯುದ್ಧವಿಲ್ಲ. ತಂದೆಯನ್ನು ಕಳೆದುಕೊಂಡ ಮಗನೊಬ್ಬ ಜೀವಮಾನವಿಡೀ ಆತನ ದಾರಿ ಕಾಯುವುದೇ ಇಲ್ಲಿನ ಕಥೆ. ಕಿರುತೆರೆಯಲ್ಲಿ ತಂದೆ-ಮಗನ ಪುನರ್ಮಿಲನದ ಮಾತು ಬಂದಾಗಲೆಲ್ಲ ಈ ಕಂತಿನ ಹೆಸರು ಕೇಳಿಬರುವುದುಂಟು.

ಹಿನ್ನೆಲೆ

ಬೆಂಜಮಿನ್ ಸಿಸ್ಕೊ ಅಂತರಿಕ್ಷ ನಿಲ್ದಾಣವೊಂದರ ಮುಖ್ಯಸ್ಥ. ಯುದ್ಧದಲ್ಲಿ ಪತ್ನಿಯನ್ನು ಕಳೆದುಕೊಂಡು ಮಗ ಜೇಕ್‌ನನ್ನು ಒಬ್ಬನೇ ಬೆಳೆಸುತ್ತಿರುವವನು. ಈ ಪಾತ್ರ ಏವರಿ ಬ್ರೂಕ್ಸ್ ಅವರದು. ಬಾಲಕ ಜೇಕ್ ಆಗಿ ಸಿರಾಕ್ ಲಾಫ್ಟನ್ ನಟಿಸಿದ್ದಾರೆ. ಕಪ್ಪು ಜನಾಂಗದ ತಂದೆಯೊಬ್ಬ ಮಗನಿಗೆ ಅಡುಗೆ ಮಾಡಿ ಬಡಿಸುವ, ಬೇಸ್‌ಬಾಲ್ ಕಲಿಸುವ, ಅಪ್ಪಿಕೊಂಡು ಮುದ್ದಿಸುವ ದೃಶ್ಯಗಳು ಅಂದಿನ ಅಮೆರಿಕನ್ ಟಿವಿಯಲ್ಲಿ ವಿರಳವಾಗಿದ್ದವು. ಧಾರಾವಾಹಿಯು ಮೂರು ವರ್ಷಗಳಲ್ಲಿ ಸಹಜವಾಗಿ ಕಟ್ಟಿದ ಈ ಸಲುಗೆಯೇ ‘ದಿ ವಿಸಿಟರ್’ ಕಂತಿನ ಬಂಡವಾಳ. ತಂದೆ ಕಣ್ಮರೆಯಾದಾಗ ಮಗ ಕಳೆದುಕೊಂಡದ್ದೇನು ಎಂಬುದನ್ನು ವೀಕ್ಷಕರಿಗೆ ಬಿಡಿಸಿ ಹೇಳುವ ಅಗತ್ಯ ಬರಹಗಾರರಿಗೆ ಬೀಳಲಿಲ್ಲ.

ಕಥಾಸಾರ

ಲೂಸಿಯಾನದ ಮನೆಯೊಂದರಲ್ಲಿ, ಮಳೆ ಸುರಿಯುವ ರಾತ್ರಿ ವೃದ್ಧ ಜೇಕ್ ಒಬ್ಬನೇ ಕುಳಿತಿದ್ದಾನೆ. ಬರಹಗಾರ್ತಿಯಾಗುವ ಹಂಬಲದ ಮೆಲನಿ ಎಂಬ ತರುಣಿ ಬಾಗಿಲು ತಟ್ಟುತ್ತಾಳೆ. ಇಷ್ಟು ಹೆಸರು ಮಾಡಿದ ಲೇಖಕ ನಡುಹರೆಯದಲ್ಲೇ ಬರೆಯುವುದನ್ನು ಏಕೆ ನಿಲ್ಲಿಸಿದ ಎಂಬುದು ಅವಳ ಪ್ರಶ್ನೆ. ಅವಳಿಗೆ ಉತ್ತರವಾಗಿ ಜೇಕ್ ತನ್ನ ಬದುಕಿನ ಕಥೆಯನ್ನು ಹೇಳುತ್ತಾನೆ.

ಜೇಕ್‌ಗೆ 18 ವರ್ಷವಾಗಿದ್ದಾಗ ನೌಕೆಯ ಎಂಜಿನ್ ಕೋಣೆಯಲ್ಲಿ ಅವಘಡ ಸಂಭವಿಸುತ್ತದೆ. ಮಗನ ಕಣ್ಣೆದುರೇ ತಂದೆ ಮಾಯವಾಗುತ್ತಾನೆ. ಎಲ್ಲರೂ ಸಿಸ್ಕೊ ಸತ್ತನೆಂದೇ ಭಾವಿಸುತ್ತಾರೆ. ವಾಸ್ತವದಲ್ಲಿ ಆತ ಕಾಲದ ಹರಿವಿನಿಂದ ಹೊರಬಿದ್ದಿರುತ್ತಾನೆ. ರಬ್ಬರ್ ದಾರದಂಥ ಅದೃಶ್ಯ ಎಳೆಯೊಂದು ಆತನನ್ನು ಮಗನಿಗೆ ಕಟ್ಟಿಹಾಕಿದೆ. ಆ ಎಳೆತಕ್ಕೆ ಆತ ಆಗೊಮ್ಮೆ ಈಗೊಮ್ಮೆ ಮಗನಿದ್ದಲ್ಲಿ ಪ್ರತ್ಯಕ್ಷನಾಗಿ, ಕೆಲ ನಿಮಿಷಗಳಲ್ಲೇ ಮರೆಯಾಗುತ್ತಾನೆ. ಮಗನಿಗೆ ವರ್ಷಗಳು ಉರುಳಿದರೆ ತಂದೆಗೆ ಕಳೆದಿರುವುದು ಕ್ಷಣಗಳು ಮಾತ್ರ.

ಜೇಕ್ ಲೇಖಕನಾಗುತ್ತಾನೆ, ಕೊರೀನಾ ಎಂಬವಳನ್ನು ಮದುವೆಯಾಗುತ್ತಾನೆ. ಗಾಯ ಮಾಯಿತು ಎನ್ನುವಷ್ಟರಲ್ಲಿ ತಂದೆ ಮನೆಯಲ್ಲೇ ಕಾಣಿಸಿಕೊಳ್ಳುತ್ತಾನೆ. ಅಂದಿನಿಂದ ಜೇಕ್ ಲೇಖನಿಯನ್ನು ಕೆಳಗಿಟ್ಟು, ತಂದೆಯನ್ನು ಮರಳಿ ತರುವ ವಿಜ್ಞಾನದ ಅಧ್ಯಯನಕ್ಕೆ ತೊಡಗುತ್ತಾನೆ. ದಾಂಪತ್ಯ ಮುರಿಯುತ್ತದೆ. ಹಳೆಯ ಗೆಳೆಯರನ್ನು ಕೂಡಿಸಿಕೊಂಡು ನಡೆಸಿದ ಪ್ರಯೋಗವೂ ಕೈಗೂಡುವುದಿಲ್ಲ. ತಾನು ಬದುಕಿರುವ ತನಕ ತಂದೆಗೆ ಬಿಡುಗಡೆಯಿಲ್ಲ ಎಂಬುದು ಕೊನೆಗೆ ಆತನಿಗೆ ಹೊಳೆಯುತ್ತದೆ. ತಂದೆ ಎದುರಿಗಿರುವ ಗಳಿಗೆಯಲ್ಲಿ ತಾನು ಸತ್ತರೆ ಆ ಎಳೆ ತುಂಡಾಗಿ, ತಂದೆ ಅವಘಡದ ಕ್ಷಣಕ್ಕೇ ಹಿಂದಿರುಗುತ್ತಾನೆ. ಮೆಲನಿ ಬಂದ ರಾತ್ರಿಯೇ ಆ ಗಳಿಗೆ.

ಬರವಣಿಗೆ

ಮೈಕೇಲ್ ಟೇಲರ್ ಆಗಿನ್ನೂ ಕಿರುತೆರೆಗೆ ಹೊಸಬರು. ಪ್ರಕಟಣೆಯನ್ನೇ ನಿಲ್ಲಿಸಿ ಏಕಾಂತಕ್ಕೆ ಸರಿದ ಅಮೆರಿಕದ ಕಾದಂಬರಿಕಾರ ಜೆ.ಡಿ. ಸ್ಯಾಲಿಂಜರ್ ವೃದ್ಧ ಜೇಕ್‌ನ ಕಲ್ಪನೆಗೆ ಪ್ರೇರಣೆಯಾದರು. ಟೇಲರ್ ಮುಂದೆ ಇದೇ ಧಾರಾವಾಹಿಯ ‘ಇನ್ ದ ಪೇಲ್ ಮೂನ್‌ಲೈಟ್’ ಕಂತಿಗೂ ಚಿತ್ರಕಥೆ ಬರೆದರು.

ಪುನರ್ಮಿಲನದ ದೃಶ್ಯವನ್ನು ಸಾಮಾನ್ಯವಾಗಿ ಕಥೆಯ ಕೊನೆಗೆ ಕಾದಿರಿಸುವುದು ರೂಢಿ. ಟೇಲರ್ ಅದನ್ನು ಕಥೆಯುದ್ದಕ್ಕೂ ಹಂಚಿದರು. ಪ್ರತಿ ಭೇಟಿಯೂ ಮತ್ತೊಂದು ಅಗಲಿಕೆಯಲ್ಲಿ ಮುಗಿಯುತ್ತದೆ. ಸಮಯ ಕಡಿಮೆಯೆಂಬುದು ಇಬ್ಬರಿಗೂ ಗೊತ್ತು. ಆದ್ದರಿಂದ ಸಂಭಾಷಣೆಯಲ್ಲಿ ದೀರ್ಘ ವಿಲಾಪಕ್ಕೆ ಎಡೆಯಿಲ್ಲ. ತಂದೆ ತನ್ನ ಪಾಡನ್ನು ಹೇಳಿಕೊಳ್ಳುವುದಕ್ಕಿಂತ ಹೆಚ್ಚಾಗಿ ಮಗನ ಬದುಕನ್ನು ಕುರಿತು ಕೇಳುತ್ತಾನೆ. ಮಗ ಬರೆದ ಪುಸ್ತಕವನ್ನು ಕಂಡು ಹಿಗ್ಗುತ್ತಾನೆ.

ಕಥೆಯ ನಿಜವಾದ ಸಂಘರ್ಷ ಇರುವುದು ಇಲ್ಲಿಯೇ. ಮಗನಿಗೆ ತಂದೆ ಬೇಕು. ತಂದೆಗೆ ಮಗನ ಬದುಕು ಹಸನಾಗಬೇಕು. ಪ್ರಯೋಗ ವಿಫಲವಾಗುವಾಗ, ತನ್ನನ್ನು ಮರೆತು ಬಾಳು ಕಟ್ಟಿಕೊಳ್ಳುವಂತೆ ಸಿಸ್ಕೊ ಮಗನಲ್ಲಿ ಅಂಗಲಾಚುತ್ತಾನೆ. ಮಗ ತಂದೆಗಾಗಿ ಯಾವುದನ್ನು ತ್ಯಾಗ ಮಾಡುತ್ತಿದ್ದಾನೋ ಅದನ್ನೇ ಉಳಿಸಬೇಕೆಂಬುದು ತಂದೆಯ ಹಂಬಲ. ಎರಡೂ ಪ್ರೀತಿಯೇ, ಆದರೆ ಒಂದು ಗೆದ್ದರೆ ಇನ್ನೊಂದು ಸೋಲಬೇಕು. ಕಣ್ಣೀರು ತರಿಸುವ ಸಾಮಾನ್ಯ ದೃಶ್ಯಗಳಿಂದ ಈ ಕಂತನ್ನು ಬೇರ್ಪಡಿಸುವುದು ಈ ಬಿಕ್ಕಟ್ಟು.

ಅಂತ್ಯವೂ ಅಷ್ಟೇ ಸಂಯಮದ್ದು. ಅವಘಡದ ಕ್ಷಣಕ್ಕೆ ಮರಳಿದ ಸಿಸ್ಕೊ ಸಕಾಲದಲ್ಲಿ ಪಕ್ಕಕ್ಕೆ ಸರಿದು ಪಾರಾಗುತ್ತಾನೆ. ಮುಂದೆ ನಡೆಯಬಹುದಾಗಿದ್ದ ಎಲ್ಲವೂ ಆತನ ನೆನಪಿನಲ್ಲಿದೆ. ಎದುರಿಗಿರುವ ತರುಣ ಜೇಕ್‌ಗೆ ಏನೂ ತಿಳಿಯದು. ತಂದೆ ಏಕಾಏಕಿ ಬಿಗಿದಪ್ಪಿದ್ದೇಕೆಂದು ಮಗನಿಗೆ ಅರ್ಥವಾಗುವುದಿಲ್ಲ. ಅರ್ಧ ಶತಮಾನಕ್ಕೂ ಮಿಕ್ಕಿದ ತ್ಯಾಗದ ಭಾರ ಒಬ್ಬನ ಎದೆಯಲ್ಲಷ್ಟೇ ಉಳಿಯುತ್ತದೆ.

ಅಭಿನಯ

ನಡುವಯಸ್ಸಿನ ಹಾಗೂ ವೃದ್ಧ ಜೇಕ್ ಆಗಿ ನಟಿಸಿದವರು ಟೋನಿ ಟಾಡ್. 1992ರ ‘ಕ್ಯಾಂಡಿಮ್ಯಾನ್’ ಚಿತ್ರದಿಂದ ಭಯಾನಕ ಪಾತ್ರಗಳಿಗೆ ಹೆಸರಾಗಿದ್ದ ಎತ್ತರದ ನಿಲುವಿನ ನಟ. ಅವರ ತಂದೆಯಾಗಿ ನಟಿಸಿದ ಬ್ರೂಕ್ಸ್ ಅವರಿಗಿಂತ ಆರು ವರ್ಷಕ್ಕಷ್ಟೇ ಹಿರಿಯರು. ಕೊನೆಯ ದೃಶ್ಯದಲ್ಲಂತೂ ಪ್ರಸಾಧನದಿಂದಾಗಿ ಮಗನೇ ಮುದುಕ, ತಂದೆಯೇ ಯುವಕ. ಆದರೂ ತಂದೆ ಯಾರು, ಮಗ ಯಾರು ಎಂಬ ಗೊಂದಲ ವೀಕ್ಷಕರಲ್ಲಿ ಮೂಡುವುದಿಲ್ಲ. ಮೆಲನಿಯೊಡನೆ ನಿಧಾನವಾಗಿ, ಗಂಭೀರವಾಗಿ ಮಾತನಾಡುವ ಮುದುಕ ತಂದೆಯ ಮುಂದೆ ಮಾತ್ರ ಹುಡುಗನಾಗುತ್ತಾನೆ. ಲಾಫ್ಟನ್ ಅವರ ಜೇಕ್‌ನಲ್ಲಿದ್ದ ಮೆಲುದನಿ, ಸಂಕೋಚ ಟಾಡ್ ಅವರ ಜೇಕ್‌ನಲ್ಲೂ ಉಳಿದಿರುವುದರಿಂದ ಎರಡು ಮುಖಗಳು ಒಂದೇ ಜೀವವಾಗಿ ತೋರುತ್ತವೆ.

ತಮ್ಮನ್ನು ಸಾಕಿ ಸಲಹಿದ ಹಿರಿಯ ಬಂಧುವೊಬ್ಬರನ್ನು ಕಳೆದುಕೊಂಡ ದುಃಖದಲ್ಲಿದ್ದಾಗ ಈ ಪಾತ್ರ ತಮಗೆ ಬಂದಿತೆಂದು ಟಾಡ್ ಅನಂತರದ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದರು. ಅವರು 2024ರ ನವೆಂಬರ್‌ನಲ್ಲಿ ನಿಧನರಾದಾಗ ಅಭಿಮಾನಿಗಳು ಈ ಪಾತ್ರವನ್ನೂ ಸ್ಮರಿಸಿದರು.

ಬ್ರೂಕ್ಸ್ ಅವರ ಕೆಲಸ ಮೇಲುನೋಟಕ್ಕೆ ಸಣ್ಣದಾಗಿ ಕಂಡರೂ ಸುಲಭದ್ದಲ್ಲ. ಸಿಸ್ಕೊ ಪ್ರತಿಸಲವೂ ತುಸು ದಿಗ್ಭ್ರಮೆಯಿಂದ ಬರುತ್ತಾನೆ. ಮಗನ ಮುಖದಲ್ಲಿ ಮೂಡಿರುವ ಹೊಸ ಗೆರೆಗಳನ್ನು ಓದಿ, ತಾನು ಎಷ್ಟು ವರ್ಷ ಕಳೆದುಕೊಂಡೆನೆಂದು ಅಂದಾಜು ಮಾಡಬೇಕು. ಮಗ ತನಗಾಗಿ ಸಾಯುತ್ತಿದ್ದಾನೆಂದು ಅರಿತಾಗ ಆತನ ಮುಖದಲ್ಲಿ ಕೃತಜ್ಞತೆಗಿಂತ ಮೊದಲು ಗಾಬರಿ ಕಾಣುತ್ತದೆ. ಹೆತ್ತವರ ಸ್ವಭಾವ ಬಲ್ಲ ಯಾರಿಗೂ ಅದು ಸರಿಯೆನಿಸುತ್ತದೆ.

ಮನ್ನಣೆ ಮತ್ತು ಮುಂದಿನ ಕಥೆ

ವೈಜ್ಞಾನಿಕ ಸಾಹಿತ್ಯ ಕ್ಷೇತ್ರದ ಪ್ರತಿಷ್ಠಿತ ಹ್ಯೂಗೊ ಪ್ರಶಸ್ತಿಯ ನಾಟಕೀಯ ಪ್ರಸ್ತುತಿ ವಿಭಾಗಕ್ಕೆ 1996ರಲ್ಲಿ ಈ ಕಂತು ನಾಮನಿರ್ದೇಶನಗೊಂಡಿತು. ಪ್ರಶಸ್ತಿ ‘ಬ್ಯಾಬಿಲಾನ್ 5’ ಧಾರಾವಾಹಿಯ ಕಂತೊಂದರ ಪಾಲಾಯಿತು.

ಧಾರಾವಾಹಿಯು 1999ರಲ್ಲಿ ಮುಕ್ತಾಯವಾದಾಗ ಅದೇ ಪ್ರಶ್ನೆ ಮತ್ತೆ ಎದುರಾಯಿತು. ಕೊನೆಯ ಕಂತಿನಲ್ಲಿ ಸಿಸ್ಕೊ ದೇವತೆಗಳಂಥ ಅನ್ಯಲೋಕದ ಜೀವಿಗಳ ಬಳಿಗೆ ಹೊರಟುಹೋಗುತ್ತಾನೆ. ಎರಡನೆಯ ಪತ್ನಿ ಆಗ ಗರ್ಭಿಣಿ. ಕಪ್ಪು ಜನಾಂಗದ ಗಂಡಸು ಸಂಸಾರವನ್ನು ತೊರೆದು ಹೋದನೆಂಬ ಅರ್ಥ ಬರುವುದು ಬ್ರೂಕ್ಸ್ ಅವರಿಗೆ ಒಪ್ಪಿಗೆಯಾಗಲಿಲ್ಲ. ಅವರ ಆಕ್ಷೇಪದ ಮೇರೆಗೆ ವಿದಾಯದ ದೃಶ್ಯವನ್ನು ಬದಲಾಯಿಸಿ, ಮುಂದೊಂದು ದಿನ ಮರಳಿ ಬರುವುದಾಗಿ ಸಿಸ್ಕೊ ಮಾತು ಕೊಡುವಂತೆ ಮಾಡಲಾಯಿತು. ಧಾರಾವಾಹಿ ಮುಗಿಯುವುದು ನಿಲ್ದಾಣದ ಕಿಟಕಿಯ ಬಳಿ ನಿಂತು ಹೊರಗೆ ದಿಟ್ಟಿಸುವ ಜೇಕ್‌ನ ಚಿತ್ರದೊಂದಿಗೆ. ‘ದಿ ವಿಸಿಟರ್’ ನೋಡಿದವರಿಗೆ ಆ ಹುಡುಗ ಎಷ್ಟು ಕಾಲ ಕಾಯಬಲ್ಲನೆಂಬುದು ಚೆನ್ನಾಗಿ ಗೊತ್ತು.